ದೀಪ ಹಚ್ಚುವವರೆಗೆ ಕೈ ತೊಳೆಯದೆ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಧಾರವಾಡದಲ್ಲಿ ಮನಶ್ಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದೆ. ನಮ್ಮೂರು ಗಡಿಯಾಚೆ ಆಂಧ್ರದ ಆದೋನಿ. ಅಲ್ಲಿ ಹತ್ತಿ ವ್ಯಾಪಾರ ಬಲ್ಲವನಿಗೆ ಬೆಲೆಯಿತ್ತು, ವಕೀಲಿ ಓದಿದವನಿಗೆ ಬೆಲೆಯಿತ್ತು. ಮನಶ್ಶಾಸ್ತ್ರ ಎಂದರೆ ಮಾತ್ರ ಕೆಲವರು ಅಂಗೈ ಚಾಚಿ ಭವಿಷ್ಯ ಕೇಳುತ್ತಿದ್ದರು, ಉಳಿದವರು ನನ್ನಿಂದ ಸ್ವಲ್ಪ ಸರಿದು ಕೂರುತ್ತಿದ್ದರು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ‘ಎಂ.ಎ. ಆದ ಮೇಲಿಂದು’ ಎಂದು ಹೇಳಿ ಮಾತು ಹೊರಳಿಸುತ್ತಿದ್ದರು.

ಆ ವರ್ಷ ಹೈದರಾಬಾದಿನ ಸರ್ಕಾರಿ ಸಂಸ್ಥೆಯೊಂದು ಬೇಸಿಗೆ ಫೆಲೋಶಿಪ್ ಕೊಡುವುದಾಗಿ ಪ್ರಕಟಿಸಿತು. ಸಂಶೋಧನೆ ಮಾಡುವ ವಿದ್ಯಾರ್ಥಿಗಳು ರಜೆಯಲ್ಲಿ ಯಾವುದಾದರೂ ಊರಿನ ಕಚೇರಿ ಸೇರಿಕೊಂಡು, ಜನರ ಒಂದು ಕಷ್ಟವನ್ನು ಹತ್ತಿರದಿಂದ ನೋಡಿ, ಅದಕ್ಕೆ ಸರ್ಕಾರ ಏನು ಮಾಡಬಹುದೆಂದು ಟಿಪ್ಪಣಿ ಬರೆದುಕೊಡಬೇಕು. ಟಿಪ್ಪಣಿ ಚೆನ್ನಾಗಿದ್ದರೆ ಅದೇ ನೀತಿಯಾಗುತ್ತದೆ ಎಂದು ಆಸೆ ತೋರಿಸಿದ್ದರು. ಅರ್ಥಶಾಸ್ತ್ರದವರು ಮುಗಿಬಿದ್ದರು. ಮನಶ್ಶಾಸ್ತ್ರದಿಂದ ಅರ್ಜಿ ಹಾಕಿದವಳು ನಾನೊಬ್ಬಳೇ ಇರಬೇಕು. ನನ್ನ ಗೈಡ್‌ಗೆ ಇದು ಸರಿಬರಲಿಲ್ಲ. ಸರ್ಕಾರಕ್ಕೆ ಬುದ್ಧಿ ಹೇಳುವುದಕ್ಕಿಂತ ನಮ್ಮ ಪ್ರಯೋಗಶಾಲೆಯ ಇಲಿಗಳಿಗೆ ದಾರಿ ಕಲಿಸುವುದು ಸುಲಭ, ಅವು ಕೊನೆಗಾದರೂ ಕಲಿಯುತ್ತವೆ ಎಂದರು. ಆ ಮಾತಿಗೆ ಅಂದು ನಕ್ಕಿದ್ದೆ.

ನಾನು ಆರಿಸಿಕೊಂಡ ಕಷ್ಟ ಮನೋರೋಗಿಗಳದು. ನಮ್ಮ ಸೀಮೆಯಲ್ಲಿ ಯಾರಿಗಾದರೂ ಬುದ್ಧಿ ಕೆಟ್ಟರೆ ತೋರಿಸಲು ಹತ್ತಿರದಲ್ಲಿ ಒಬ್ಬ ಡಾಕ್ಟರೂ ಇರಲಿಲ್ಲ. ದುಡ್ಡಿದ್ದವರು ದೂರದ ಆಸ್ಪತ್ರೆಗೆ ಹೋಗುತ್ತಿದ್ದರು. ಉಳಿದವರು ದೇವರಿಗೆ ಹರಕೆ ಹೊತ್ತು ಮನೆಯ ಹಿಂದಿನ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ನಾನು ಸೇರಿಕೊಂಡ ಆದೋನಿಯ ಸರ್ಕಾರಿ ಕಚೇರಿಯ ಅಧಿಕಾರಿ ಕರಾವಳಿ ಆಂಧ್ರದ ಚಿಕ್ಕ ವಯಸ್ಸಿನವರು, ಸ್ವಲ್ಪ ಹುರುಪಿನ ಮನುಷ್ಯ. ನನ್ನ ಯೋಜನೆಯನ್ನೆಲ್ಲ ಕೇಳಿ, ‘ಕಾಗಿತಂ ಮೀದ ವದ್ದಮ್ಮಾ, ಚೇಸಿ ಚೂಪಿಂಚು’ ಎಂದರು. ಕಾಗದದ ಮೇಲೆ ಬೇಡ, ಮಾಡಿ ತೋರಿಸು. ಕರ್ನೂಲಿನಲ್ಲಿದ್ದ ಮನೋವೈದ್ಯರೊಬ್ಬರು ಬೇಸಿಗೆ ಮುಗಿಯುವವರೆಗೆ ವಾರಕ್ಕೊಂದು ಮಧ್ಯಾಹ್ನ ಆದೋನಿಗೆ ಬಂದು ಕೂರುವಂತೆ ಅವರೇ ಏರ್ಪಾಡು ಮಾಡಿದರು. ಆ ಡಾಕ್ಟರು ನಮ್ಮೂರಿನ ಹತ್ತಿ ವ್ಯಾಪಾರಿಗಳ ಮನೆಯ ಮಗ, ಶೈವರು, ಹಣೆಯ ಮೇಲೆ ವಿಭೂತಿ ಇಲ್ಲದೆ ಅವರನ್ನು ನಾನು ಕಂಡಿದ್ದು ಒಂದೇ ಸಲ. ಅದನ್ನು ಮುಂದೆ ಹೇಳುತ್ತೇನೆ.

ಆ ಕಚೇರಿಯಲ್ಲಿ ನಮಗೆ ಸಿಕ್ಕಿದ್ದು ಮುರುಕು ಸಾಮಾನು ತುಂಬಿದ್ದ ಒಂದು ಕೋಣೆ. ಅದನ್ನು ತೆರವು ಮಾಡಿಸಿ ಎರಡು ಕುರ್ಚಿ, ಒಂದು ಬೆಂಚು ಹಾಕಿದೆವು. ಮೊದಲ ವಾರ ಯಾರೂ ಬರಲಿಲ್ಲ. ಎರಡನೆಯ ವಾರ ಬಂದವರು ಬೆಂಚಿನ ಮೇಲೆ ಹಿಡಿಸಲಿಲ್ಲ. ಮಾತು ನಿಲ್ಲಿಸಿದ ಗಂಡಸರು, ನಿದ್ದೆ ಬಿಟ್ಟ ಹೆಂಗಸರು, ಅವರನ್ನು ಕೈಹಿಡಿದು ಕರೆತಂದ ಅಣ್ಣತಮ್ಮಂದಿರು. ಡಾಕ್ಟರು ತೆಲುಗಿನಲ್ಲಿ, ಕನ್ನಡದಲ್ಲಿ, ಉರ್ದುವಿನಲ್ಲಿ ಅವರವರ ಮಾತಿನಲ್ಲೇ ಮಾತಾಡಿಸುವರು. ನಾನು ಪಕ್ಕದಲ್ಲಿ ಕುಳಿತು ಮನೆಯವರ ಕಥೆ ಕೇಳಿ ಬರೆದುಕೊಳ್ಳುವೆ. ಇಷ್ಟು ದಿನ ಪುಸ್ತಕದಲ್ಲಿ ಓದಿದ್ದೆಲ್ಲ ಎದುರಿಗೆ ಬಂದು ಕೂತಿತ್ತು, ನನಗೆ ಹೆಮ್ಮೆಯೂ ಭಯವೂ ಒಟ್ಟಿಗೇ ಆಗುತ್ತಿದ್ದವು.

ಒಂದು ಮಧ್ಯಾಹ್ನ ಎಮ್ಮಿಗನೂರಿನ ಕಡೆಯಿಂದ ಒಬ್ಬ ತಾಯಿ ಮಗಳನ್ನು ಕರೆತಂದಳು. ಹುಡುಗಿ ದಿನವಿಡೀ ಕೈ ತೊಳೆಯುತ್ತಾಳಂತೆ, ಬೆರಳಿನ ಸಂದಿಯೆಲ್ಲ ಬಿಳಿಚಿ ಬಿರಿದಿತ್ತು. ಬೆಂಚಿನ ತುದಿಯಲ್ಲಿ ಮುದುಡಿ ಕೂತಿದ್ದ ಅವಳು ಯಾರಾದರೂ ಹಾದುಹೋದಾಗಲೆಲ್ಲ ತಾಯಿಯನ್ನು ಒಂದೇ ಮಾತು ಕೇಳುತ್ತಿದ್ದಳು. ‘ತಾಕಿಂದಾ ಅಮ್ಮಾ?’ ತಾಗಿತಾ? ತಾಯಿ ಇಲ್ಲ ಎನ್ನುವಳು. ಒಂದು ಗಳಿಗೆ ಸಮಾಧಾನ. ಮತ್ತೆ ಅದೇ ಮಾತು.

ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಆ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳುತ್ತಲೇ ಬೆಳೆದಿದ್ದೆ, ಅದಕ್ಕೆ ಉತ್ತರ ಕೊಡುತ್ತಲೇ ಬೆಳೆದಿದ್ದೆ. ‘ನನ್ನ ಸೆರಗು ತಾಗಿತೇನವ್ವಾ?’ ‘ಇಲ್ಲ ಅತ್ತಿ.’ ರೋಗಿಗಳೆಲ್ಲ ಹೋದ ಮೇಲೆ ಡಾಕ್ಟರಿಗೆ ಹೇಳಿದೆ, ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ ಎಂದು.

ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನ ತಾಯಿ ನಾನು ಕೂಸಾಗಿದ್ದಾಗಲೇ ಹೋದಳು, ಹಾಗಾಗಿ ಎಣ್ಣೆ ಹಚ್ಚಿ ಎರೆದವಳು, ಹೆರಳು ಹಾಕಿದವಳು, ಜ್ವರ ಬಂದಾಗ ಮಗ್ಗುಲಲ್ಲಿ ಮಲಗಿಸಿಕೊಂಡವಳು ಎಲ್ಲ ಅವಳೇ. ಅಜ್ಜಿ ಸತ್ತ ಮೇಲೆ ದೇವರ ನೈವೇದ್ಯದ ಅಡುಗೆ ಅವಳ ಪಾಲಿಗೆ ಬಂತು. ಮಡಿ ನಮ್ಮ ಮನೆಗಳಿಗೆ ಹೊಸದಲ್ಲ. ಮಿಂದು ಮಡಿಸೀರೆ ಉಟ್ಟು ಅಡುಗೆ ಮುಗಿಯುವ ತನಕ ಯಾರನ್ನೂ ಮುಟ್ಟದಿರುವುದು, ಊಟವಾದ ಮೇಲೆ ಅದು ಅಲ್ಲಿಗೆ ಮುಗಿಯಬೇಕು. ಅತ್ತೆಯ ಮಡಿ ಮುಗಿಯುವುದನ್ನೇ ಬಿಟ್ಟಿತು. ಮೊದಲು ಎರಡು ಸಲ ಮಿಂದಳು, ಆಮೇಲೆ ಇಡೀ ಮಧ್ಯಾಹ್ನ ಮಿಂದಳು. ಕೊಡ ಉಜ್ಜಿ, ಉಜ್ಜಿದ ಕೈ ತೊಳೆದು, ತೊಳೆದ ಕೈಗೆ ಕೊಡ ತಾಗಿತೆಂದು ಮತ್ತೆ ಕೊಡ ಉಜ್ಜುವಳು. ನಾನು ಹೈಸ್ಕೂಲಿಗೆ ಹೋಗುವ ಹೊತ್ತಿಗೆ ನನ್ನ ಹೆರಳನ್ನು ನಾನೇ ಹಾಕಿಕೊಳ್ಳುತ್ತಿದ್ದೆ. ಅತ್ತೆ ದೂರದಲ್ಲಿ ನಿಂತು, ಬೈತಲೆ ಸೊಟ್ಟಗಾಯಿತು ಎಂದು ಹೇಳುವಳು, ಅಷ್ಟೇ.

ಆದೋನಿಯಲ್ಲಿ ಬೇಸಿಗೆ ಬಂತೆಂದರೆ ನೀರಿಗೆ ಜಗಳ. ನಾವಿದ್ದ ವಠಾರದ ಬಾವಿ ಎಲ್ಲರದು. ತಳದಲ್ಲಿ ಇದ್ದಬದ್ದ ನೀರನ್ನೂ ಅತ್ತೆ ಸೇದಿ ಸುರಿದುಕೊಂಡರೆ ಯಾರು ಸುಮ್ಮನಿರುತ್ತಾರೆ? ಅಪ್ಪ ಆಗ ಡಾಕ್ಟರನ್ನು ಹುಡುಕಲಿಲ್ಲ, ನೀರನ್ನು ಹುಡುಕಿದರು. ನಾಗಲದಿನ್ನೆಯಲ್ಲಿ ತುಂಗಭದ್ರೆಯ ದಂಡೆಗೆ ನಮ್ಮ ದೂರದ ಚಿಕ್ಕಪ್ಪನ ಮನೆಯಿತ್ತು. ಅವರಿಗೆ ಮನೆದೇವರ ಪೂಜೆ, ಅವರ ಹೆಂಡತಿಗೆ ಸೊಂಟನೋವು, ಮಡಿಯಲ್ಲಿ ಅಡುಗೆ ಮಾಡುವವರು ಬೇಕಾಗಿತ್ತು. ಅತ್ತೆಯನ್ನು ಅಲ್ಲಿ ಬಿಟ್ಟುಬಂದರು. ನದಿ ಬತ್ತುವುದಿಲ್ಲ, ಯಾರೂ ಬೈಯುವುದಿಲ್ಲ. ಎಲ್ಲರಿಗೂ ಅನುಕೂಲವೇ ಆಯಿತು, ರೋಗಕ್ಕೂ ಆಯಿತು.

ಏಕೆಂದರೆ ಆ ಊರಿನಲ್ಲಿ ಅದನ್ನು ಯಾರೂ ರೋಗ ಎನ್ನಲಿಲ್ಲ. ಇಂಥ ಮಡಿಯನ್ನು ಹಿಂದಿನ ಕಾಲದಲ್ಲಿ ಮಾತ್ರ ಕೇಳಿದ್ದೆವು ಎಂದರು. ಮಂತ್ರಾಲಯಕ್ಕೆ ಹೋಗಿಬರುವ ನೆಂಟರು ನಡುದಾರಿಯಲ್ಲಿ ಬಸ್ಸಿಳಿದು ಬಂದು ದೂರದಿಂದ ಅವಳಿಗೆ ನಮಸ್ಕಾರ ಹಾಕಿ ಹೋಗುತ್ತಿದ್ದರು. ಬಸುರಿಯರು ಬಂದು ಅವಳ ಬಾಯಿಂದ ಒಳ್ಳೆಯ ಮಾತು ಆಡಿಸಿಕೊಳ್ಳುತ್ತಿದ್ದರು. ಅವಳು ಬರುವ ದಾರಿಯನ್ನು ಹೆಂಗಸರು ಬಿಟ್ಟು ನಿಲ್ಲುತ್ತಿದ್ದರು, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಅವಳ ಕೈ ಮಾತ್ರ ಬಿರಿದು ರಕ್ತ ಬರುತ್ತಿತ್ತು. ಊಟಕ್ಕೆ ಕೂತಳೆಂದರೆ ಎಲೆಗೆ ಏನೋ ತಾಗಿತೆಂದು ಎದ್ದುಬಿಡುತ್ತಿದ್ದಳು. ನಾನು ಪ್ರತಿ ರಜೆಗೆ ಹೋದಾಗಲೂ ಅವಳು ಇನ್ನಷ್ಟು ಸೊರಗಿರುತ್ತಿದ್ದಳು.

ಡಾಕ್ಟರಿಗೆ ತೋರಿಸೋಣ ಎಂದಾಗ ಅಪ್ಪನಿಗೆ ಸಿಟ್ಟು ಬಂತು. ಕಲಿತ ವಿದ್ಯೆಯನ್ನೆಲ್ಲ ಮನೆಯವರ ಮೇಲೇ ತೀರಿಸಿಕೊಳ್ಳುತ್ತೀಯಾ, ಭಕ್ತಿಗೂ ಮಾತ್ರೆ ಬಂದಿದೆಯಾ ಎಂದು ರೇಗಿದರು. ಆ ರಾತ್ರಿ ಊಟ ಬಿಟ್ಟರು. ಮರುದಿನ ಕಚೇರಿಗೆ ಹೊರಟವರು ಚಪ್ಪಲಿ ಮೆಟ್ಟಿಕೊಂಡು, ಬಾಗಿಲ ಕಡೆ ಮುಖ ಮಾಡಿಕೊಂಡೇ ಹೇಳಿದರು: “ಆಕಿ ಹೊಟ್ಟಿತುಂಬ ಉಂಡು ವರ್ಷಗಟ್ಲೆ ಆಗೈತಿ. ಅದೊಂದು ಆಗಂಗ ಮಾಡು.”

ಅತ್ತೆ ಆದೋನಿಗೆ ಬರುವ ಹಾಗಿರಲಿಲ್ಲ, ಬಸ್ಸು ಹತ್ತಿದರೆ ತಾಗದೆ ಇರುವವರಾರು? ಡಾಕ್ಟರೇ ಒಂದು ಭಾನುವಾರ ನನ್ನ ಜೊತೆ ಬಂದರು. ಎಮ್ಮಿಗನೂರಿಗೆ ಒಂದು ಬಸ್ಸು, ಅಲ್ಲಿಂದ ನಂದವರದ ಕಡೆಗೆ ಇನ್ನೊಂದು. ಅವರು ಬಂದದ್ದನ್ನು ತಿಳಿದು ಅತ್ತೆ ನದಿಯ ನೀರಿನಲ್ಲಿ ಮೊಣಕಾಲುದ್ದ ನಿಂತುಬಿಟ್ಟಳು, ಮೇಲೆ ಬರಲೊಲ್ಲಳು. ನಾನು ದಂಡೆಯ ಮೇಲೆ ಕೈಹಿಸುಕಿಕೊಳ್ಳುತ್ತ ನಿಂತೆ. ಡಾಕ್ಟರು ಚಿಕ್ಕಪ್ಪನ ಹತ್ತಿರ ಒಂದು ಪಂಚೆ ಇಸಿದುಕೊಂಡು, ಇನ್ನೊಂದು ಕಡೆ ಇಳಿದು ಮುಳುಗು ಹಾಕಿ, ಒದ್ದೆ ಪಂಚೆಯಲ್ಲೇ ಬಂದು ಅವಳಿಂದ ಮಾರು ದೂರದ ಬಂಡೆಯ ಮೇಲೆ ಕೂತರು. ಹಣೆಯ ವಿಭೂತಿ ನೀರಿಗೆ ಹೋಗಿತ್ತು. ಅತ್ತೆ ಅವರ ಹಣೆ ನೋಡಿದಳು. ವಿಭೂತಿ ಹೋದರೆ ಮನೆಯಲ್ಲಿ ಒಳಗೆ ಬಿಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಕೇಳಿದಳು. ಹೆಂಡತಿಗೆ ಗೊತ್ತಾಗುವ ಮೊದಲು ಹಚ್ಚಿಕೊಂಡುಬಿಡುತ್ತೇನೆ ಎಂದರು ಅವರು. ಅತ್ತೆ ನಕ್ಕಳು. ಅವಳು ನಗುವುದು ಹೇಗಿರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಮಾತ್ರೆಯನ್ನು ಅವಳು ನುಂಗುವುದಿಲ್ಲ ಎಂದಳು, ಯಾರು ಯಾವ ಕೈಯಿಂದ ಮಾಡಿದ್ದೋ. ಹಾಗಾದರೆ ಉಳಿದದ್ದು ಒಂದೇ ದಾರಿ, ನಾನು ಓದಿದ್ದು, ಡಾಕ್ಟರು ಒಪ್ಪಿದ್ದು. ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯದೆ ಕೂರಬೇಕು. ಮೊದಮೊದಲು ಜೀವ ಹೋದ ಹಾಗಾಗುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ತಾಗಿತೇನು ಎಂದು ಕೇಳಿದರೆ ಯಾರೂ ಉತ್ತರ ಕೊಡಬಾರದು. ಇದು ಹಟದಿಂದ ಮಾಡಿಸುವ ಕೆಲಸವಲ್ಲ, ಅವಳೇ ಒಪ್ಪಬೇಕು ಎಂದು ಡಾಕ್ಟರು ಮತ್ತೆ ಮತ್ತೆ ಹೇಳಿದರು. ನೀನು ಇಲ್ಲಿ ಉಳಿಯುವುದಾದರೆ ಮಾಡುತ್ತೇನೆ ಎಂದಳು ಅತ್ತೆ. ಉಳಿದೆ. ಡಾಕ್ಟರು ಬರುವ ಮಧ್ಯಾಹ್ನ ಮಾತ್ರ ಆದೋನಿಗೆ ಹೋಗಿ ಮರುದಿನ ಬರುತ್ತಿದ್ದೆ.

ಮಧ್ಯಾಹ್ನದ ಅಡುಗೆ ಮುಗಿದ ಮೇಲೆ ಜಗಲಿಯ ಮೇಲೆ ನಾವಿಬ್ಬರೂ ಎದುರುಬದುರು ಕೂರುತ್ತಿದ್ದೆವು. ಅವಳು ನನ್ನ ಅಂಗೈಯ ಮೇಲೆ ಬೆರಳಿಡುವಳು. ದೀಪ ಹಚ್ಚುವವರೆಗೆ ತೊಳೆಯಬಾರದು. ಮೊದಲ ದಿನ ಅವಳು ನಡುಗಿದಳು, ಬೆವರಿದಳು, ಸ್ತೋತ್ರ ಹೇಳುತ್ತ ಹೇಳುತ್ತ ಎದ್ದು ನದಿಗೆ ಓಡಿದಳು. ಎರಡನೆಯ ದಿನವೂ ಅಷ್ಟೇ. ‘ತಾಗಿತೇನವ್ವಾ, ಹೇಳ’ ಎಂದು ಅವಳು ಬೇಡಿಕೊಂಡಾಗ ಬಾಯಿಮುಚ್ಚಿ ಕೂರುವುದಿದೆಯಲ್ಲ, ಅದಕ್ಕಿಂತ ಕಷ್ಟದ ಕೆಲಸ ನಾನು ಆ ಮೇಲೆ ಮಾಡಿಲ್ಲ. ಪುಸ್ತಕ ಬರೆದವರ ಮೇಲೆ ನನಗೆ ಸಿಟ್ಟು ಬರುತ್ತಿತ್ತು, ಅವರಿಗೇನು, ಅತ್ತೆಯಂದಿರಿದ್ದರೇ? ಆದರೂ ಒಂದು ದಿನ ಅವಳು ಕದಲದೆ ಕೂತಳು. ನದಿಯ ಆಚೆ ದಂಡೆ ಮಸುಕಾಯಿತು. ಚಿಕ್ಕಪ್ಪ ದೇವರ ಮುಂದೆ ದೀಪ ಹಚ್ಚಿದರು. ಅತ್ತೆ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಏನೂ ಆಗಲಿಲ್ಲವಲ್ಲ ಎಂದಳು. ಅಂದು ಅವಳು ಎಲೆ ಬಿಟ್ಟು ಏಳದೆ ಉಂಡಳು. ನಾನು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ.

ಕೈಯ ಗಾಯ ಒಣಗತೊಡಗಿತು. ಒಂದು ಸಂಜೆ ತಾನಾಗಿಯೇ ಎಣ್ಣೆಯ ಬಟ್ಟಲು ತಂದು ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದಳು. ಕೂದಲು ಬಿಡಿಸಿ, ಎಣ್ಣೆ ತಿಕ್ಕಿ, ಹೆರಳು ಹಾಕಿದಳು. ಇಷ್ಟು ವರ್ಷ ಸೊಟ್ಟ ಬೈತಲೆ ಇಟ್ಟುಕೊಂಡು ತಿರುಗಿದ್ದೀಯಲ್ಲ, ಧಾರವಾಡದಲ್ಲಿ ಯಾರೂ ಹೇಳಲಿಲ್ಲವಾ ಎಂದು ಬೈದಳು. ಇಪ್ಪತ್ತು ದಾಟಿದ ನಾನು ಅವಳ ಮೊಣಕಾಲಿಗೆ ಒರಗಿ ಕೂತೆ. ಅಷ್ಟು ಸುಖ ನನಗೆ ಮತ್ತೆ ಸಿಕ್ಕಿಲ್ಲ, ನಾಚಿಕೆಯಿಲ್ಲದೆ ಹೇಳುತ್ತೇನೆ.

ಅದನ್ನು ನೀರಿಗೆ ಹೋಗುತ್ತಿದ್ದ ಹೆಂಗಸರು ನೋಡಿದರು. ಮರುದಿನಕ್ಕೆ ಊರಿಗೆಲ್ಲ ಸುದ್ದಿ, ಓದಿದ ಹುಡುಗಿ ಬಂದು ಅತ್ತೆಯ ಮಡಿ ಕೆಡಿಸಿದಳು ಎಂದು. ಯಾರೂ ಕೂಗಾಡಲಿಲ್ಲ. ನಮಸ್ಕಾರಕ್ಕೆ ಬರುವವರು ಬರುವುದನ್ನು ಬಿಟ್ಟರು. ಹಾದಿಯಲ್ಲಿ ಅವಳಿಗೆ ಜಾಗ ಬಿಡುತ್ತಿದ್ದವರು ಬಿಡುವುದನ್ನು ಮರೆತರು. ಚಿಕ್ಕಪ್ಪ ಕೆಟ್ಟವರಲ್ಲ. ಎರಡು ದಿನ ಒದ್ದಾಡಿ, ಕೊನೆಗೆ ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು ಹೇಳಿದರು. “ಅಕ್ಕಾ, ನೀ ಆರಾಮಾಗಿದ್ದು ನನಗೂ ಸಂತೋಷ ಐತಿ. ಆದ್ರ ನೈವೇದ್ಯದ ಅಡಿಗಿ ಇನ್ನ ಬ್ಯಾರೆ ಯಾರಾದ್ರೂ ಮಾಡ್ಲಿ.”

ಊಟ ಹಾಕುವುದಿಲ್ಲ ಎನ್ನಲಿಲ್ಲ, ಮನೆ ಬಿಡು ಎನ್ನಲಿಲ್ಲ. ಆದರೆ ಮರುದಿನ ಬೆಳಗ್ಗೆ ಅತ್ತೆಗೆ ಎದ್ದು ಮಾಡುವ ಕೆಲಸವಿರಲಿಲ್ಲ. ಕಂಬಕ್ಕೊರಗಿ ಕೂತಿದ್ದಳು. ನಾನು ಚಿಕ್ಕಪ್ಪನೊಂದಿಗೆ ವಾದಿಸಿದೆ, ಮಿಂದು ಅಡುಗೆ ಮಾಡಿದರೆ ಸಾಲದೇ, ಶಾಸ್ತ್ರ ಕೇಳುವುದೂ ಅಷ್ಟೇ ಅಲ್ಲವೇ ಎಂದು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು, ಬದಲಾಗಲಿಲ್ಲ. ಆದೋನಿಗೇ ಬಾ ಎಂದು ಅತ್ತೆಯನ್ನು ಕರೆದೆ. ವಠಾರದವರ ಬಾಯಿಗೆ ಮತ್ತೆ ಬೀಳಲಾರೆ ಎಂದಳು. ಅಂದು ಮಧ್ಯಾಹ್ನ ಜಗಲಿಯ ಮೇಲೆ ನಾನು ಅಂಗೈ ಚಾಚಿದಾಗ ಅವಳು ಬೆರಳಿಡಲಿಲ್ಲ.

“ಬೇಸಿಗಿ ಮುಗದ ಮ್ಯಾಲೆ ನೀ ಹೋಗ್ತಿ,” ಎಂದಳು. “ನಾ ಇಲ್ಲೇ ಇರಾಕಬೇಕು. ಕೈ ಒಣಗಿದ್ರ ಅಡಿಗಿ ಮನಿ ಬಾಗ್ಲ ಮುಚ್ಚತೈತಿ. ಹಸಿ ಇದ್ರ ತಗೀತೈತಿ. ನಿನ್ನ ಡಾಕ್ಟರ್‌ಗ ಕೇಳು, ಇದಕ್ಕೇನರ ಔಷಧ ಐತೇನು.”

ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಇದಕ್ಕೆ ಔಷಧ ನಾನು ಚೀಟಿಯಲ್ಲಿ ಬರೆಯಲಾರೆ, ನೀನು ನಿನ್ನ ಟಿಪ್ಪಣಿಯಲ್ಲಿ ಬರಿ ಎಂದರು.

ಬರೆದೆ. ವಾರಕ್ಕೊಮ್ಮೆ ಡಾಕ್ಟರು ಬರುವುದು ನಿಲ್ಲಬಾರದು ಎಂದು ಬರೆದೆ. ವಾಸಿಯಾದವರಿಗೆ ಮನೆಯಲ್ಲಿ, ಊರಿನಲ್ಲಿ ಯಾವ ಜಾಗ ಉಳಿದಿರುತ್ತದೆ ಎನ್ನುವುದನ್ನು ನೋಡದೆ ಕೊಡುವ ಚಿಕಿತ್ಸೆ ಅರ್ಧದ್ದು, ರಜೆಗೆ ಬಂದುಹೋಗುವವರಿಂದ ಅದು ಆಗುವುದಿಲ್ಲ, ಅದೇ ಊರಿನಲ್ಲಿ ಉಳಿದು ಮನೆಯವರೊಂದಿಗೆ ಮಾತಾಡುವ ಒಬ್ಬರು ಬೇಕು ಎಂದು ಬರೆದೆ. ಹೈದರಾಬಾದಿನಲ್ಲಿ ಉದ್ದನೆಯ ಮೇಜಿನ ಸುತ್ತ ದೊಡ್ಡವರು ಕೂತಿದ್ದರು. ಅರ್ಥಶಾಸ್ತ್ರದ ಹುಡುಗರು ಗೊಬ್ಬರ, ಸಾಲ, ಕಾಲುವೆ ಎಂದು ಓದಿದರು. ನನ್ನ ಸರದಿ ಬಂದಾಗ ಅಧ್ಯಕ್ಷರು, ನೀನು ಕೊನೆಯಲ್ಲಿ ಹೇಳಿದಂಥ ಕೇಸುಗಳು ಎಷ್ಟಿವೆಯಮ್ಮಾ ಎಂದು ಕೇಳಿದರು. ನಾನು ನೋಡಿದ್ದು ಒಂದೇ ಎಂದೆ. ಮೇಜಿನ ಸುತ್ತ ಸಣ್ಣ ನಗು ಹಾದುಹೋಯಿತು. ಒಂದು ಕೇಸಿನ ಮೇಲೆ ನೀತಿ ಮಾಡಲಾಗುವುದಿಲ್ಲ, ಆ ಭಾಗ ತೆಗೆ, ಉಳಿದದ್ದು ಪರಿಶೀಲನೆಯಲ್ಲಿರಲಿ ಎಂದರು. ಫೋಟೋ ತೆಗೆಸಿಕೊಂಡೆವು. ಚಹಾ ಕೊಟ್ಟರು.

ಆದೋನಿಗೆ ವಾಪಸು ಬಂದಾಗ ಕೋಣೆಯೊಳಗೆ ಮುರುಕು ಸಾಮಾನು ಮತ್ತೆ ಸೇರಿತ್ತು. ಡಾಕ್ಟರಿಗೆ ಬೇಸಿಗೆಯವರೆಗಷ್ಟೇ ಅಪ್ಪಣೆ ಇದ್ದದ್ದು, ಅವರು ಕರ್ನೂಲಿಗೆ ಮರಳಿದ್ದರು. ಎಮ್ಮಿಗನೂರಿನ ಆ ತಾಯಿ ಮಗಳು ಬಂದು ಬಾಗಿಲಲ್ಲಿ ಕಾದು ಹೋದರಂತೆ. ನಾನು ಧಾರವಾಡಕ್ಕೆ ಹೊರಡುವ ಮೊದಲು ಅತ್ತೆಯನ್ನು ನೋಡಲು ಹೋದೆ. ಮಳೆ ಶುರುವಾಗಿತ್ತು, ನದಿಗೆ ಮೇಲಿನಿಂದ ಕೆಂಪು ನೀರು ಬರುತ್ತಿತ್ತು. ಅತ್ತೆ ಅಡುಗೆಮನೆಯಲ್ಲಿದ್ದಳು. ಒದ್ದೆ ಸೀರೆ, ಒದ್ದೆ ಕೂದಲು, ಬೆರಳ ಸಂದಿ ಮತ್ತೆ ಬಿರಿದಿತ್ತು. ಒಳಗಿನಿಂದಲೇ, ಹುಷಾರಾಗಿ ಹೋಗಿಬಾ ಎಂದಳು. ಚಿಕ್ಕಪ್ಪ ಮುಖ ಎತ್ತಿ ನನ್ನನ್ನು ನೋಡಲಿಲ್ಲ.

ಧಾರವಾಡಕ್ಕೆ ಹೋಗಿ ಇನ್ನೂ ಪೆಟ್ಟಿಗೆ ಬಿಚ್ಚಿ ಮುಗಿಸಿರಲಿಲ್ಲ, ಅತ್ತೆಗೆ ಜೋರು ಜ್ವರ ಎಂದು ತಂತಿ ಬಂತು. ಜ್ವರದಲ್ಲೂ ನದಿಗೆ ಇಳಿಯುವುದನ್ನು ಬಿಟ್ಟಿರಲಿಲ್ಲವಂತೆ. ಎದೆಗೆ ಕಫ ಕಟ್ಟಿತು. ನಾನು ನಾಗಲದಿನ್ನೆ ಸೇರಿದಾಗ ಅವಳನ್ನು ಹೊರಗೆ ಮಲಗಿಸಿದ್ದರು. ನನಗೋಸ್ಕರ ಅಪ್ಪ ಹೆಣ ಎತ್ತದೆ ಕಾಯಿಸಿದ್ದರು.

ನಾನು ಮಗ್ಗುಲಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಆ ಕೈ ಈಗ ಪೂರ್ತಿ ಒಣಗಿತ್ತು. ಬಿಡಿಸುವವರೆಗೆ ಬಿಡಲಿಲ್ಲ.

ಅವಳನ್ನು ಹೊತ್ತುಕೊಂಡು ಹೋದ ಮೇಲೆ ಮನೆಯ ಹೆಂಗಸರು ಒಬ್ಬೊಬ್ಬರಾಗಿ ತಲೆಗೆರೆದುಕೊಳ್ಳಲು ಹೋದರು. ನಾನು ಜಗಲಿಯ ಮೇಲೆ, ಅವಳು ಕೂರುತ್ತಿದ್ದ ಕಡೆಗೆ ಮುಖ ಮಾಡಿ ಕೂತೆ. ಯಾರೋ ಕೂಗಿದರು, ಏಳಲಿಲ್ಲ. ಸಂಜೆ ಚಿಕ್ಕಪ್ಪ ನದಿಯಿಂದ ಮಿಂದು ಮರಳಿದರು. ನನ್ನ ಒಣ ಸೀರೆ, ಒಣ ಕೂದಲು ನೋಡಿ ಮೆಟ್ಟಿಲ ಕೆಳಗೇ ನಿಂತರು.

“ಮುಟ್ಟೀಯೇನವ್ವಾ?” ಎಂದು ಕೇಳಿದರು.

“ಮುಟ್ಟೀನಿ,” ಎಂದೆ.

ಅವರು ಒಳಗೆ ಹೋದರು. ಆಚೆ ದಂಡೆ ಮಸುಕಾಗುತ್ತಿತ್ತು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅತ್ತೆಯನ್ನು ಮಲಗಿಸಿದ್ದ ಜಾಗದಲ್ಲಿ ಚಿಕ್ಕಪ್ಪ ದೀಪ ಹಚ್ಚಿಟ್ಟರು. ಆಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡೆ.